ಪುಕ್ಕಲು ಮನೆಗಾಡಿಯ ಬೇಸಿಗೆಗಳು

ನಾನು ಒಂದು ವ್ಯಾನು. ನಾಲ್ಕು ಚಕ್ರ, ಎರಡು ಕಣ್ಣು, ಒಂದು ದೊಡ್ಡ ಹೊಟ್ಟೆ ಎಲ್ಲ ವ್ಯಾನುಗಳಿಗೂ ಇರುವಂತೆ ನನಗೂ ಇವೆ. ಅವರಿಗಿಲ್ಲದ ಗುಣವೊಂದು ನನ್ನಲ್ಲಿದೆ. ನಾನು ಮಹಾ ಪುಕ್ಕಲು. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಧೈರ್ಯಶಾಲಿಗಳ ಕಥೆ ಹೇಳಲು ಹೆದ್ದಾರಿಯಲ್ಲಿ ಬೇಕಾದಷ್ಟು ಲಾರಿಗಳಿವೆ. ಹೆದರಿದವರ ಕಥೆಯನ್ನು ಹೆದರಿದವರೇ ಹೇಳಬೇಕಾಗುತ್ತದೆ.

ನನ್ನ ಪುಕ್ಕಲುತನ ಹುಟ್ಟಿನಿಂದಲೇ ಬಂದದ್ದು. ದೊಡ್ಡ ಕಾರ್ಖಾನೆಯೊಂದರಲ್ಲಿ ಸಾಲಾಗಿ ತೂಗುಬಿಟ್ಟ ತಗಡುಗಳ ನಡುವೆ ನಾನು ಹುಟ್ಟಿದೆ. ಕಿಡಿ ಹಾರಿಸುತ್ತ ಬೆಸುಗೆ ಹಾಕಿದರು, ಬಿಳಿ ಬಣ್ಣ ಹೊಡೆದರು, ಮುಂದುಗಡೆ ಇಂಜಿನ್ನು ಇಳಿಸಿದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಒಂದು ಬೆಳಿಗ್ಗೆ ನನ್ನ ಜೊತೆಯಲ್ಲೇ ಹುಟ್ಟಿದ ಇನ್ನೊಂದು ವ್ಯಾನಿಗೆ ಮೈತುಂಬ ಹಳದಿ ಪಟ್ಟಿ ಅಂಟಿಸಿದರು. ಒಳಗೆ ಬೊಂಬೆಗಳನ್ನು ಕೂರಿಸಿದರು. ಆಹಾ, ಇವನಿಗೆ ಮದುವೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ನೋಡುತ್ತಲೇ ಇದ್ದೆ. ಅವನನ್ನು ವೇಗವಾಗಿ ಓಡಿಸಿ ಕಾಂಕ್ರೀಟು ಗೋಡೆಗೆ ಗುದ್ದಿಸಿದರು. ಆಮೇಲೆ ಎಲ್ಲರೂ ಹತ್ತಿರ ಹೋಗಿ ನೋಡಿದರು, ತಲೆಯಾಡಿಸಿದರು, ಟೀ ಕುಡಿಯಲು ಹೋದರು. ಅದು ಪರೀಕ್ಷೆಯಂತೆ. ಅವತ್ತಿನಿಂದ ಗೋಡೆ ಕಂಡರೆ ನನಗೆ ಆ ಹಳದಿ ಪಟ್ಟಿಯೇ ಕಣ್ಣ ಮುಂದೆ ಬರುತ್ತದೆ. ಊರೆಂದ ಮೇಲೆ ಗೋಡೆ ಇಲ್ಲದೆ ಇರುತ್ತದೆಯೇ? ಹೀಗೆ ನನ್ನ ಬಾಳು ಶುರುವಾಯಿತು.

ನನ್ನನ್ನು ಮೊದಲು ಕೊಂಡವರು ಅರಸೀಕೆರೆಯಲ್ಲಿ ಮದುವೆ ಅಡುಗೆ ಮಾಡಿಸುತ್ತಿದ್ದ ನಾರಣಪ್ಪನವರು. ಬೆಳಗಾದರೆ ಹಂಡೆ, ಕೊಳಗ, ಕಡಾಯಿಗಳನ್ನು ನನ್ನೊಳಗೆ ಏರಿಸುತ್ತಿದ್ದರು. ಸಾರಿನ ಹಬೆ ಡ್ರೈವರನ ಮುಖಕ್ಕೆ ಬಡಿಯುತ್ತದೆಂದು ಅವನ ಸೀಟಿಗೂ ನನ್ನ ಹೊಟ್ಟೆಗೂ ಮಧ್ಯೆ ಅಡ್ಡ ತಗಡು ಬಡಿಸಿದ್ದರು. ಆದ್ದರಿಂದ ಮುಂದೆ ಕೂತವರಿಗೆ ಹಿಂದೇನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಒಬ್ಬಟ್ಟಿನ ಬೆಲ್ಲದ ಪಾಕ ಚೆಲ್ಲಿ ಚೆಲ್ಲಿ ನೆಲದ ಹಲಗೆಯೊಳಕ್ಕೆ ಇಳಿದು ಅಲ್ಲೇ ಉಳಿಯಿತು. ತಿರುವುಗಳಲ್ಲಿ ಕೊಳಗಗಳು ಹೋಗಿ ಬಡಿಯುತ್ತಿದ್ದದ್ದು ನನ್ನ ಎಡಗಡೆಯ ಹಿಂಭಾಗಕ್ಕೆ. ಅಲ್ಲಿನ ರಿವೆಟ್ಟುಗಳು ಸಡಿಲವಾಗಿ, ಬೆರಳು ತಾಗಿದರೂ ತಮಟೆಯಂತೆ ಸದ್ದು ಮಾಡುವ ಜಾಗವೊಂದು ನನ್ನ ಮೈಯಲ್ಲಿ ಹುಟ್ಟಿಕೊಂಡಿತು. ಎಲ್ಲ ಕಷ್ಟಕ್ಕೂ ಮೂಲ ಆ ಜಾಗವೇ.

ನಾರಣಪ್ಪನವರು ದೊಡ್ಡ ಗಾಡಿ ಕೊಂಡಾಗ ನಾನು ತಿಪಟೂರಿನ ದಂಪತಿಗಳ ಕೈಗೆ ಬಂದೆ. ಗಂಡ ಶಿವನಂಜಪ್ಪ, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಹೆಂಡತಿ ಸರ್ವಮಂಗಳ, ಊರೆಲ್ಲ ಕರೆಯುವುದು ಮಂಗಳಮ್ಮ ಎಂದು. ಅಣ್ಣನ ಡ್ರೈವಿಂಗ್ ಸ್ಕೂಲಿನಲ್ಲಿ ಹಳೇ ಜೀಪಿನ ಪಕ್ಕದ ಸೀಟಿನಲ್ಲಿ ಕೂತು ತಿಪಟೂರಿನ ಅರ್ಧ ಗಂಡಸರಿಗೆ ಕ್ಲಚ್ಚು ಬಿಡುವುದನ್ನು ಕಲಿಸಿದವರು ಅವರು. ಕಾಲು ಶತಮಾನ ಬಸ್ಸಿನಲ್ಲೇ ಓಡಾಡಿದ ಶಿವನಂಜಪ್ಪನವರಿಗೆ ಮಾತ್ರ ಒಂದು ಮೊಪೆಡ್ಡೂ ಓಡಿಸಲು ಬರುತ್ತಿರಲಿಲ್ಲ.

ಬೇಸಿಗೆ ಬಂದರೆ ಸಾಕು, ಇಬ್ಬರಿಗೂ ಕಾಲು ನಿಲ್ಲುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಮದುವೆ ಸೀಸನ್ನು, ಶಾಲೆಗೆ ರಜೆ, ಬಸ್ಸುಗಳೆಲ್ಲ ತುಂಬಿ ತುಳುಕುವ ಏಪ್ರಿಲ್ ಮೇ ತಿಂಗಳಲ್ಲಿ ಕಂಡಕ್ಟರಿಗೆ ರಜೆ ಎಂಬುದೇ ಇರಲಿಲ್ಲ. ಲೋಕವೆಲ್ಲ ಪ್ರವಾಸ ಹೋಗುವಾಗ ಶಿವನಂಜಪ್ಪ ಆ ಲೋಕಕ್ಕೆ ಟಿಕೆಟ್ ಹರಿಯುತ್ತಿದ್ದರು, ಮಂಗಳಮ್ಮ ಮನೆಯಲ್ಲಿ ಹಪ್ಪಳ ಒಣಗಿಸುತ್ತಿದ್ದರು. ಒಂದು ಬೇಸಿಗೆಯೂ ಇಬ್ಬರೂ ಜೊತೆಯಾಗಿ ಎಲ್ಲಿಗೂ ಹೋಗಿರಲಿಲ್ಲ. ಆ ಬಾಕಿಯನ್ನೆಲ್ಲ ತೀರಿಸಿಕೊಳ್ಳಲು ನನ್ನನ್ನು ತಂದರು. ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು, ಕಿಟಕಿಗೆ ಹೂವಿನ ಪರದೆ ಎಲ್ಲ ಬಂತು. ಬೀದಿಯವರು ನನ್ನನ್ನು ಮನೆಗಾಡಿ ಎಂದು ಕರೆದರು.

ಮೂರನೆಯವನು ಪಾಸು. ಡಿಪೋದಲ್ಲಿ ಬೆಳೆದ ಕಂದು ಬಣ್ಣದ ಬೀದಿನಾಯಿ. ಬಸ್ಸಿನಿಂದ ಬಸ್ಸಿಗೆ ಬಿಟ್ಟಿಯಾಗಿ ಹತ್ತಿ ಇಳಿಯುತ್ತಿದ್ದ ಇವನಿಗೆ ಶಿವನಂಜಪ್ಪನವರೇ ಆ ಹೆಸರಿಟ್ಟು ಮನೆಗೆ ಕರೆತಂದಿದ್ದರು. ಅವನ ಬಾಲ ಒನಕೆಯಷ್ಟು ಗಟ್ಟಿ. ಖುಷಿಯಾದರೆ ಬೀಸುತ್ತಿದ್ದ ರಭಸಕ್ಕೆ ಲೋಟಗಳು ಉರುಳುತ್ತಿದ್ದವು.

ಶಿವನಂಜಪ್ಪ ಮುಂದುಗಡೆ ಹೆಂಡತಿಯ ಪಕ್ಕ ಕೂರುತ್ತಿರಲಿಲ್ಲ. "ಕಂಡಕ್ಟರ್ ಮುಂದೆ ಕೂತ್ರೆ ಗಾಡಿಗೆ ಮರ್ಯಾದೆ ಇರಲ್ಲ ಕಣೆ" ಎಂದು ಹಿಂದಿನ ಬಾಗಿಲ ಪಕ್ಕ ಒಂದು ಸ್ಟೂಲು ಹಾಕಿಕೊಂಡಿದ್ದರು. ಅಡ್ಡ ತಗಡು ಇದ್ದುದರಿಂದ ಮಾತು ಕೇಳಿಸುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ನನ್ನ ಆ ತಮಟೆ ಜಾಗಕ್ಕೆ ಅಂಗೈಯಿಂದ ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಹೊರಡು. ಬಿಡದೆ ಬಡಿದರೆ ಹಿಂದೆ ಅಪಾಯ, ಎಲ್ಲೂ ನಿಲ್ಲಿಸಬೇಡ, ಓಡಿಸು. ಒಂದು ಸಲ ಚಿತ್ರದುರ್ಗದ ಬಂಡೆಗಳ ಹತ್ತಿರ ಜೇನುಹುಳು ಎದ್ದಾಗ ಶಿವನಂಜಪ್ಪ ಹಾಗೆ ಬಡಿದಿದ್ದರು. ಮಂಗಳಮ್ಮ ಹಿಂದೆ ಮುಂದೆ ನೋಡದೆ ನನ್ನನ್ನು ಓಡಿಸಿ ಮೂವರನ್ನೂ ಉಳಿಸಿದ್ದರು. ಹಿಂದಕ್ಕೆ ತೆಗೆಯುವಾಗಲಂತೂ ಶಿವನಂಜಪ್ಪ ಕೆಳಗಿಳಿದು "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಎಂದು ಕೂಗಲೇಬೇಕು. ಅವರ ಕೂಗನ್ನು ನಂಬಿ ಮಂಗಳಮ್ಮ ಕನ್ನಡಿಯನ್ನೂ ನೋಡುತ್ತಿರಲಿಲ್ಲ. ಒಬ್ಬರಿಗೆ ಕಣ್ಣು ಮುಂದೆ, ಒಬ್ಬರಿಗೆ ಹಿಂದೆ. ನೋಡಿದವರು ಮೆಚ್ಚುತ್ತಿದ್ದರು. ನಾನು ಮಾತ್ರ ಹೆದರುತ್ತಿದ್ದೆ, ಏಕೆಂದರೆ ಆ ಎರಡು ಜೋಡಿ ಕಣ್ಣುಗಳ ನಡುವೆ ಇದ್ದದ್ದು ನನ್ನ ಸಡಿಲ ತಗಡು ಒಂದೇ.

ಹಾಗೇ ಕೆಲವು ಬೇಸಿಗೆ ಕಳೆದವು. ಮರವಂತೆಯಲ್ಲಿ ಸಮುದ್ರ ನೋಡಿ ನನಗೆ ಜ್ವರ ಬಂದಂತಾಯಿತು. ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ಹೋಗುವುದಾದರೂ ಎಲ್ಲಿಗೆ? ಬಾದಾಮಿಯಲ್ಲಿ ಕೋತಿಗಳು ನನ್ನ ವೈಪರು ಕಿತ್ತವು. ಹೆದರುವವರ ಮೇಲೆ ಹಾವೆಸೆದಂತೆ, ದೇವರು ಮಂಗಳಮ್ಮನಂಥ ಗಟ್ಟಿಗಿತ್ತಿಯ ಕೈಗೆ ನನ್ನನ್ನು ಕೊಟ್ಟಿದ್ದ.

ಒಂದು ವರ್ಷ ಮಂಗಳಮ್ಮನಿಗೆ ಸೊಂಟನೋವು ಬಂದು ಹಳೇ ಮಂಚ ತೆಗೆಸಿ ಅಗಲದ ಮಂಚ ಹಾಕಿಸಿದರು. ಪಾಸು ಮಲಗುತ್ತಿದ್ದ ಜಾಗ ಹೋಯಿತು. ಅವನ ಗೋಣಿಚೀಲವನ್ನು ಹಿಂದಿನ ಕಿಟಕಿಯ ಕೆಳಗೆ, ನನ್ನ ಎಡಗಡೆಯ ಗೋಡೆಗೆ ಒತ್ತಿ ಹಾಸಿದರು. ಆ ಬೇಸಿಗೆ ನಾವು ಹೊರಟಿದ್ದು ಕೊಳ್ಳೇಗಾಲ, ಹನೂರು ದಾಟಿ ಮಹದೇಶ್ವರ ಬೆಟ್ಟಕ್ಕೆ.

ಬೆಟ್ಟದ ದಾರಿಯಲ್ಲಿ ಮರದ ಕೊಂಬೆ ಬಡಿದು ನನ್ನ ಎಡಗನ್ನಡಿ ಮುರಿಯಿತು. ಮಂಗಳಮ್ಮ ಲೆಕ್ಕಕ್ಕೇ ಇಡಲಿಲ್ಲ. ಮೇಲೆ ದರ್ಶನ ಮುಗಿಸಿ, ಟೀ ಅಂಗಡಿಯ ಮುಂದೆ ಎಲ್ಲರೂ ಹತ್ತಿ ಕೂತಾಗ ಒಂದು ಸಂಗತಿ ನಡೆಯಿತು. ಶಿವನಂಜಪ್ಪ ಇನ್ನೂ ಬಾಗಿಲ ಚಿಲಕ ಹಾಕುತ್ತಿದ್ದರು. ಅವರು ಒಳಗೆ ಬಂದದ್ದನ್ನು ಕಂಡ ಖುಷಿಗೆ ಪಾಸುವಿನ ಬಾಲ ಗೋಡೆಗೆ ಬಡಿಯಿತು. ಧಡ್, ಧಡ್. ಮಂಗಳಮ್ಮ ಗೇರು ಹಾಕಿ ಹೊರಟೇಬಿಟ್ಟರು. ಇವಳೇ ಹೊರಟಳು ಎಂದು ಗಂಡ ತಿಳಿದರು, ಇವರೇ ತಟ್ಟಿದರು ಎಂದು ಹೆಂಡತಿ ತಿಳಿದರು. ಅಂಗೈ ಯಾವುದು, ಬಾಲ ಯಾವುದು ಎಂದು ಗೊತ್ತಾದದ್ದು ನನಗೊಬ್ಬನಿಗೆ. ಇವತ್ತೇನೋ ಎಲ್ಲರೂ ಒಳಗಿದ್ದಾರೆ. ಒಳಗಿಲ್ಲದ ದಿನ ಏನು ಗತಿ? ಹೇಳೋಣವೆಂದರೆ ನನಗಿರುವ ಬಾಯಿ ಹಾರನ್ನು ಒಂದೇ, ಅದನ್ನೂ ಬೇರೆಯವರೇ ಒತ್ತಬೇಕು.

ಬೆಟ್ಟದ ಆಚೆ ಕಾಡಿನೊಳಗೆ ಇಳಿದು ಪಾಲಾರಿನ ಹೊಳೆಗೆ ಬಂದೆವು. ನೀರು ಕಡಿಮೆಯಿತ್ತು, ಆದರೂ ತಣ್ಣಗಿತ್ತು. ಮಂಗಳಮ್ಮ ಸೀರೆ ಎತ್ತಿ ಕಟ್ಟಿ, ಬಂಡೆಯ ಮೇಲೆ ಕೂತು ನೀರಿಗೆ ಕಾಲು ಬಿಟ್ಟರು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಕಂಡೇ ಇರಲಿಲ್ಲ. ಅಷ್ಟರಲ್ಲಿ ಶಿವನಂಜಪ್ಪ ಕುತ್ತಿಗೆಯಲ್ಲಿದ್ದ ಹಳೇ ವಿಷಲ್ ಬಾಯಿಗಿಟ್ಟು ಊದಿದರು. ಅದು ಅವರ ಚಾಳಿ. ಯಾವ ಊರಿಗೆ ಹೋದರೂ ಬಸ್ಸಿನ ಟೈಮಿನಂತೆ ಇಷ್ಟೇ ಹೊತ್ತು ಎಂದು ಗೊತ್ತುಮಾಡಿ, ಆ ಹೊತ್ತಾದೊಡನೆ ಊದುತ್ತಿದ್ದರು.

"ಆಯ್ತು, ಹತ್ತು ಹತ್ತು, ಸಂಜೆ ಆದ್ರೆ ಆನೆ ಇಳಿತವೆ" ಎಂದರು.

ಮಂಗಳಮ್ಮ ನೀರಿನಿಂದ ಎದ್ದು ಬಂದರು. ಗಂಡನ ಕೊರಳಿನಿಂದ ವಿಷಲ್ ಕಿತ್ತುಕೊಂಡು ತಮ್ಮ ಸೆರಗಿನ ಗಂಟಿಗೆ ಹಾಕಿದರು.

"ಇಷ್ಟು ವರ್ಷ ನಿಮ್ಮ ಬಸ್ಸಿನ ಟೈಮಿಗೆ ನಾನು ಬದುಕಿದ್ದು ಸಾಲ್ದಾ? ಇನ್ನೊಂದು ಸಲ ಊದಿ, ಇಲ್ಲೇ ಕಾಡಲ್ಲಿ ಬಿಟ್ಟು ಹೋಗ್ತೀನಿ."

"ಬಿಟ್ಟು ಹೋಗು. ನಿನ್ನ ಗಾಡಿ ಹಿಂದಕ್ಕೆ ತೆಗೆಯೋರು ಯಾರು ನೋಡ್ತೀನಿ" ಎಂದು ಶಿವನಂಜಪ್ಪ ಸ್ಟೂಲಿನ ಮೇಲೆ ಹೋಗಿ ಕೂತರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅವತ್ತು ಇಬ್ಬರೂ ಉಂಡಿರಲಿಲ್ಲ.

ಹಿಂದಿರುಗುವ ದಾರಿ ಏರು. ಏಪ್ರಿಲ್ ಬಿಸಿಲಿಗೆ ಕಾಡೆಲ್ಲ ಒಣಗಿ ಬಿದಿರು ಕಡ್ಡಿಯಾಗಿತ್ತು. ಕೆಲವು ತಿರುವು ಹತ್ತುವಷ್ಟರಲ್ಲಿ ನನ್ನ ರೇಡಿಯೇಟರು ಕುದಿಯತೊಡಗಿತು. ಒಂದು ಮೋರಿಯ ಮುಂದೆ ಮಂಗಳಮ್ಮ ನಿಲ್ಲಿಸಿದರು. ರಸ್ತೆಯಡಿಯ ಆ ಮೋರಿಯ ಬಾಯಲ್ಲಿ ಸ್ವಲ್ಪ ನೀರು ನಿಂತಿತ್ತು. ಶಿವನಂಜಪ್ಪ ಕ್ಯಾನಿನಲ್ಲಿ ಅದನ್ನೇ ತಂದು ನನಗೆ ಕುಡಿಸಿದರು. ಮಂಗಳಮ್ಮ ಹತ್ತಿ, ಇಂಜಿನ್ನು ಚಾಲೂ ಮಾಡಿ, ತಟ್ಟುವುದನ್ನೇ ಕಾಯುತ್ತ ಕೂತರು.

ಶಿವನಂಜಪ್ಪ ಪದ್ಧತಿಯಂತೆ ನನ್ನನ್ನು ಒಂದು ಸುತ್ತು ಸುತ್ತಿ, ಟೈರುಗಳಿಗೆ ಕಾಲಲ್ಲಿ ಒದ್ದು ನೋಡಿ, ಹಿಂದಿನ ಬಾಗಿಲು ಮುಚ್ಚಿದರು. ಕೊನೆಗೆ ಅವರು ಹತ್ತುವುದು ಪಕ್ಕದ ಬಾಗಿಲಿನಿಂದ. ಹತ್ತಲು ಕಾಲಿಟ್ಟವರಿಗೆ ಕ್ಯಾನು ಮೋರಿಯ ಹತ್ತಿರವೇ ಉಳಿದದ್ದು ನೆನಪಾಯಿತು. ಲಗೇಜು ಬಿಟ್ಟು ಹೊರಡುವ ಕಂಡಕ್ಟರ್ ಎಲ್ಲಿದ್ದಾನೆ? ಕಾಲು ತೆಗೆದು, ಬಾಗಿಲು ದಬ್ಬಿ, ಮತ್ತೆ ಇಳಿಜಾರಿಗೆ ಇಳಿದರು. ಆ ಬಾಗಿಲ ಸದ್ದು ಮಂಗಳಮ್ಮನಿಗೆ ಕೇಳಿಸಿತು. ಹತ್ತಿದರು ಎಂದುಕೊಂಡರು.

ಪಾಸು ಹಿಂದಿನ ಕಿಟಕಿಯಲ್ಲಿ ಮೂಗಿಟ್ಟು ನೋಡುತ್ತಿದ್ದ. ಕ್ಯಾನು ಹಿಡಿದು ಮೋರಿಯ ಪಕ್ಕದಿಂದ ಮೇಲೆ ಬರುತ್ತಿದ್ದ ಯಜಮಾನನ ತಲೆ ಅವನಿಗೆ ಕಂಡಿತು. ಅವನಿಗೆ ಖುಷಿಯಾಯಿತು. ಧಡ್, ಧಡ್.

ಬೇಡ ಎಂದು ನಾನು ನನ್ನ ಬೋಲ್ಟು ಬೋಲ್ಟುಗಳಲ್ಲೂ ಕೂಗಿದೆ. ಚಕ್ರ ಹೂತುಹೋಗಬಾರದೇ ಎಂದು ಬೇಡಿಕೊಂಡೆ. ರಸ್ತೆ ಗಟ್ಟಿಯಾಗಿತ್ತು. ಮಂಗಳಮ್ಮ ಗೇರು ಹಾಕಿದರು, ನಾನು ಹೊರಟೆ. ಹಿಂದಿನಿಂದ "ಏ ಮಂಗಳಾ, ಹೋಲ್ಡಾನ್!" ಎಂಬ ಕೂಗು ಬಂತು. ಏರಿನಲ್ಲಿ ಒದರುವ ನನ್ನದೇ ಇಂಜಿನ್ನಿನ ಸದ್ದು ಅದನ್ನು ನುಂಗಿತು. ಎಡಗಡೆ ಕನ್ನಡಿಯಿರಲಿಲ್ಲ. ವಿಷಲ್ ಸೆರಗಿನ ಗಂಟಿನಲ್ಲಿತ್ತು. ತಿರುವು ದಾಟಿದ ಮೇಲೆ ಅವರು ಯಾರಿಗೂ ಕಾಣಿಸಲಿಲ್ಲ.

ಅಲ್ಲಿಯವರೆಗೆ ನಾನು ಹೆದರಿದ್ದೆಲ್ಲ ನನಗಾಗಿ. ನನ್ನ ಮೂತಿ, ನನ್ನ ಗಾಜು, ನನ್ನ ಬಣ್ಣ. ಬೇರೊಬ್ಬರಿಗಾಗಿ ಹೆದರುವುದು ಎಂಥದ್ದು ಎಂದು ಮೊದಲ ಸಲ ಗೊತ್ತಾಯಿತು. ಅದಕ್ಕೆ ಬ್ರೇಕೇ ಇಲ್ಲ.

ಪಾಸುವಿಗೂ ಅರ್ಥವಾಯಿತು. ಮೊದಲು ಬೊಗಳಿದ, ಮಂಗಳಮ್ಮ ಕೋತಿಗೆ ಬೊಗಳುತ್ತಿದ್ದಾನೆ ಎಂದುಕೊಂಡಿರಬೇಕು. ಆಮೇಲೆ ಕಿಟಕಿ ಪರಚಿದ. ಆಮೇಲೆ ಹುಚ್ಚು ಹಿಡಿದವನಂತೆ ಎಡಗಡೆಯ ಗೋಡೆಗೆ ಮೈಯೆಲ್ಲ ಎತ್ತಿ ಎತ್ತಿ ಹಾಕತೊಡಗಿದ. ಒಂದೇ ಸಲ ಬಡಿದು ಸುಮ್ಮನಾಗಿದ್ದರೆ ಮಂಗಳಮ್ಮ ನಿಲ್ಲಿಸುತ್ತಿದ್ದರು. ಅವನು ಬಡಿಯುತ್ತಲೇ ಇದ್ದ. ಬಿಡದೆ ಬಡಿದರೆ ಹಿಂದೆ ಅಪಾಯ, ಓಡಿಸು. ಮಂಗಳಮ್ಮನ ಮುಖ ಬಿಗಿಯಿತು. "ಅಯ್ಯೋ ಶಿವನೇ, ಆನೆ!" ಎಂದು ಆಕ್ಸಿಲರೇಟರನ್ನು ಒತ್ತಿದರು. ಗಂಡನನ್ನು ಉಳಿಸಬೇಕೆಂದು ಗಂಡನಿಂದ ದೂರ ದೂರ ಓಡಿಸಿದರು. ನಾಯಿ ಬಡಿದಷ್ಟೂ ವೇಗ ಹೆಚ್ಚಾಯಿತು, ವೇಗ ಹೆಚ್ಚಾದಷ್ಟೂ ನಾಯಿ ಬಡಿಯಿತು. ನಾನು ಮಧ್ಯೆ ಸಿಕ್ಕಿ ಬೆವರುತ್ತಿದ್ದೆ.

ಎಷ್ಟೋ ತಿರುವುಗಳಾದ ಮೇಲೆ ನನ್ನ ರೇಡಿಯೇಟರಿನ ರಬ್ಬರು ಪೈಪು ಒಡೆಯಿತು. ಅದನ್ನು ನಾನೇ ಬೇಕೆಂದು ಒಡೆದುಕೊಂಡೆನೋ, ಹಳೇ ರಬ್ಬರು ತಾನಾಗಿ ಬಿರಿಯಿತೋ ನನಗೆ ತಿಳಿಯದು. ಧೈರ್ಯ ಮಾಡಿದೆ ಎಂದು ಹೇಳಿಕೊಳ್ಳಲು ಆಸೆಯಿದೆ, ಆದರೆ ನನ್ನನ್ನು ಬಲ್ಲವರು ನಂಬುವುದಿಲ್ಲ. ಹೊಗೆಯಂತೆ ಹಬೆ ಎದ್ದಿತು. ನಾನು ನಿಂತೆ.

ಮಂಗಳಮ್ಮ ಇಳಿದು, ಹಿಂದೆ ಆನೆಯಿಲ್ಲವೆಂದು ನೋಡಿಕೊಂಡು, ಸಿಟ್ಟಿನಿಂದಲೇ ಬಾಗಿಲು ತೆರೆದರು. "ಏನ್ರೀ ಅದು, ಆ ಪಾಟಿ ಬಡಿಯೋದು..."

ಪಾಸು ಅವರ ಪಕ್ಕದಿಂದ ನೆಗೆದು ಬಂದ ದಾರಿಯಲ್ಲೇ ಓಡಿ ಮರೆಯಾದ. ಸ್ಟೂಲು ಖಾಲಿಯಿತ್ತು. ಮಂಗಳಮ್ಮ ಮಂಚದ ಕೆಳಗೆ ಬಗ್ಗಿ ನೋಡಿದರು. ದೊಡ್ಡಾಳು ಮಂಚದ ಕೆಳಗೆ ಹೇಗಿರುತ್ತಾರೆ? ಆದರೂ ನೋಡಿದರು. ಆಮೇಲೆ ನನ್ನ ಬಾಗಿಲ ಕಂಬಿ ಹಿಡಿದುಕೊಂಡರು. ಎಂದೂ ಹೆದರದ ಹೆಂಗಸು ಹೆದರಿದ್ದರು. ಅದನ್ನು ಕಂಡು ನನಗಿದ್ದ ಅಲ್ಪ ಸ್ವಲ್ಪ ಜೀವವೂ ಹಾರಿತು.

"ರೀ..." ಎಂದು ಕರೆದರು. ಗಂಟು ಬಿಚ್ಚಿ ವಿಷಲ್ ಊದಿದರು. ಊದುತ್ತ ಊದುತ್ತ ಅದು ತಮ್ಮ ಬಳಿ ಇರುವುದರ ಅರ್ಥ ಹೊಳೆದು ಬಾಯಿಂದ ತೆಗೆದು ನೋಡಿದರು. ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಬಿಸಿಲು ಮರಗಳ ತುದಿಗೆ ಹೋಗಿತ್ತು.

ಅಳಲಿಲ್ಲ. ಹೂವಿನ ಪರದೆಯೊಂದನ್ನು ಹರಿದು, ಒಡೆದ ಪೈಪಿಗೆ ಬಿಗಿದು ಬಿಗಿದು ಸುತ್ತಿ, ಮೇಲೆ ದಾರ ಕಟ್ಟಿದರು. ಡ್ರಮ್ಮಿನಲ್ಲಿದ್ದ ಕುಡಿಯುವ ನೀರನ್ನು ನನಗೆ ಸುರಿದರು. ಇನ್ನು ನನ್ನನ್ನು ತಿರುಗಿಸಬೇಕು. ರಸ್ತೆ ಕಿರಿದು, ಒಂದು ಕಡೆ ಗುಡ್ಡದ ಗೋಡೆ, ಇನ್ನೊಂದು ಕಡೆ ಕಮರಿ. ಹಿಂದಕ್ಕೆ ತೆಗೆಯಲೇಬೇಕು. ಹಿಂದೆ ನಿಂತು ಕೂಗುವವರು ಇಲ್ಲ.

ಮಂಗಳಮ್ಮ ರಿವರ್ಸ್ ಗೇರು ಹಾಕಿ ಸುಮ್ಮನೆ ಕೂತರು. ಆಮೇಲೆ ಕುತ್ತಿಗೆ ಹೊರಗೆ ಚಾಚಿ, ತಾವೇ ಹೇಳತೊಡಗಿದರು, "ಬರ್ಲಿ... ಬರ್ಲಿ... ಬರ್ಲಿ..." ನನ್ನ ಹಿಂದಿನ ಚಕ್ರದಡಿಯಲ್ಲಿ ಜಲ್ಲಿ ಜಾರಿತು. ಕಲ್ಲೊಂದು ಕಮರಿಗೆ ಉರುಳಿದ್ದು ಕೇಳಿಸಿತು, ಅದು ತಳ ಮುಟ್ಟಿದ್ದು ಕೇಳಿಸಲಿಲ್ಲ. "ಹೋಲ್ಡಾನ್" ಎಂದು ತಮಗೆ ತಾವೇ ಕೂಗಿ ಬ್ರೇಕು ತುಳಿದರು. ಮುಂದೆ, ಹಿಂದೆ, ಮತ್ತೆ ಮುಂದೆ. ನನ್ನ ಮೂತಿ ಗುಡ್ಡದ ಗೋಡೆಗೆ ಅಂಗುಲದಷ್ಟು ಹತ್ತಿರ ಬಂತು. ಹುಟ್ಟಿದಂದಿನಿಂದ ಹೆದರಿದ ಗೋಡೆ. ಅವತ್ತು ಅದರ ಕಡೆ ನನಗೆ ಗಮನವೇ ಹೋಗಲಿಲ್ಲ. ಬೇಗ ತಿರುಗಮ್ಮ, ಬೇಗ ತಿರುಗು ಎನ್ನುತ್ತಿದ್ದೆ.

ಇಳಿಯುವಾಗ ಒಂದು ತಿರುವಿನಲ್ಲಿ ಆನೆಗಳು ಎದುರಾದವು. ಮರಿಯೊಂದನ್ನು ನಡುವೆ ಬಿಟ್ಟುಕೊಂಡು ರಸ್ತೆಯ ತುಂಬ ನಿಂತಿದ್ದವು. ಮಂಗಳಮ್ಮ ಇಂಜಿನ್ನು ಆರಿಸಿದರು. ಹಾರನ್ನು ಒತ್ತಬಾರದು, ದೀಪ ಹಾಕಬಾರದು ಎಂದು ಶಿವನಂಜಪ್ಪ ಹೇಳಿದ್ದರು. ಕಾದ ನನ್ನ ತಗಡು ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಅಷ್ಟು ಸದ್ದಿಗೂ ನನಗೆ ನನ್ನ ಮೇಲೇ ಕೋಪ ಬಂತು. ದೊಡ್ಡದೊಂದು ಹೆಣ್ಣಾನೆ ನನ್ನ ಪಕ್ಕಕ್ಕೆ ಬಂತು. ನಾರಣಪ್ಪನವರ ಬೆಲ್ಲದ ವಾಸನೆ ಅದಕ್ಕೆ ಹತ್ತಿರಬೇಕು. ಸೊಂಡಿಲು ನನ್ನ ಬದಿಯನ್ನು ತಡವಿತು, ಬಾಗಿಲ ಸಂದಿಯನ್ನು ಮೂಸಿತು, ಒಂದು ಸಲ ಒತ್ತಿತು. ನಾನು ಪೂರ್ತಿ ವಾಲಿ ಮತ್ತೆ ನೆಟ್ಟಗಾದೆ. ಮಂಗಳಮ್ಮ ಸ್ಟಿಯರಿಂಗಿಗೆ ಹಣೆಯಿಟ್ಟು ಕಣ್ಣು ಮುಚ್ಚಿಕೊಂಡಿದ್ದರು. "ಅವರನ್ನ ಮುಟ್ಟಿರಬೇಡ ಕಣವ್ವ" ಎಂದು ಅವರ ತುಟಿ ಅನ್ನುತ್ತಿತ್ತು. ಆ ಆನೆಗಳು ಬಂದದ್ದು ಮೋರಿಯ ಕಡೆಯಿಂದಲೇ.

ಮರಿ ದಾಟಿತು, ಉಳಿದವೂ ದಾಟಿದವು. ನಾವು ಮೋರಿಗೆ ಬಂದಾಗ ಬೆಳಕು ಇನ್ನೇನು ಹೋಗುವುದರಲ್ಲಿತ್ತು.

ರಸ್ತೆಯ ಮಧ್ಯೆ ಕ್ಯಾನು ಬಿದ್ದಿತ್ತು. ಹಪ್ಪಳದಂತೆ ಚಪ್ಪಟೆಯಾಗಿತ್ತು. ಸ್ವಲ್ಪ ಆಚೆ ಒಂದು ಚಪ್ಪಲಿ. ಮಂಗಳಮ್ಮ ಇಳಿದರು. ಚಪ್ಪಲಿಯ ಹತ್ತಿರ ಹೋದರು, ಮುಟ್ಟಲಿಲ್ಲ. ನನ್ನ ದೀಪದ ಬೆಳಕಿನಲ್ಲಿ ಅವರ ನೆರಳು ರಸ್ತೆಯುದ್ದಕ್ಕೂ ಬಿದ್ದಿತ್ತು. ಆ ಕ್ಷಣ ನೆನೆದರೆ ಇವತ್ತಿಗೂ ನನ್ನ ಎಣ್ಣೆ ಗಟ್ಟಿಯಾಗುತ್ತದೆ.

ನೆಲದಡಿಯಿಂದ ನಾಯಿಯೊಂದು ಕುಂಯ್ ಎಂದಿತು.

ಮೋರಿಯ ಬಾಯಿಂದ ಮೊದಲು ಪಾಸು ಬಂದ. ಅವನ ಹಿಂದೆ, ಮಂಡಿಯೂರಿಕೊಂಡು, ಮೈಯೆಲ್ಲ ಕೆಸರಾಗಿ ಶಿವನಂಜಪ್ಪ ಬಂದರು. ಎದ್ದು ನಿಂತರು.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದುಕೊಂಡೆ. ಮಂಗಳಮ್ಮ ಓಡಿಹೋಗಿ ಅಪ್ಪಿಕೊಳ್ಳುತ್ತಾರೆ ಎಂದು ನಾನು ತಿಳಿದಿದ್ದೆ. ಅವರು ಗಂಡನ ತೋಳಿಗೆ ಎರಡು ಏಟು ಬಿಗಿದರು. "ಪ್ಲಾಸ್ಟಿಕ್ ಕ್ಯಾನಿಗೆ ಪ್ರಾಣ ಕೊಡಕ್ಕೆ ಹೋಗಿದ್ರಾ? ಅದೇನು ಬೆಳ್ಳಿದಾ?" ಎಂದು ಬೈದು, ಬೈಯುತ್ತಲೇ ಸೆರಗಿನಿಂದ ಅವರ ಮುಖದ ಕೆಸರು ಒರೆಸಿದರು. ಆಮೇಲೆ ಅಳು ಬಂತು. ಶಿವನಂಜಪ್ಪ ಅಭ್ಯಾಸಬಲದಿಂದ ಹಿಂದಿನ ಕಡೆಗೆ ನಡೆದರು.

"ಮುಂದೆ ಹತ್ತಿ" ಎಂದರು ಮಂಗಳಮ್ಮ.

ಅವರು ಮುಂದೆ ಹತ್ತಿದರು. ಪಾಸು ಅವರ ಕಾಲ ಬುಡದಲ್ಲಿ ತೂರಿಕೊಂಡ. ಮೋರಿಯ ಹತ್ತಿರ ರಸ್ತೆ ಅಗಲವಿದ್ದದ್ದರಿಂದ ನಾನು ಸುಲಭವಾಗಿ ತಿರುಗಿದೆ, ಬೆಟ್ಟ ತಲುಪುವವರೆಗೆ ಶಿವನಂಜಪ್ಪ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದದ್ದು ನನ್ನ ದಡ್ಡತನ. ಮರುವರ್ಷ ಏಪ್ರಿಲ್ ಬಂತು. ಮಂಗಳಮ್ಮ ನನಗೆ ಹೊಸ ಪೈಪು, ಹೊಸ ಕನ್ನಡಿ ಹಾಕಿಸಿದರು, ಮಧ್ಯದ ತಗಡನ್ನು ಕತ್ತರಿಸಿ ಬಿಸಾಕಿಸಿದರು. ಶಿವನಂಜಪ್ಪ ಮಂಡಿನೋವು ಎಂದರು. ಅದರ ಮುಂದಿನ ವರ್ಷ ಯಾರದೋ ಮದುವೆ ಎಂದರು. ಅದರ ಮುಂದೆ ಕಾರಣವನ್ನೂ ಹೇಳಲಿಲ್ಲ. ನನ್ನ ಹತ್ತಿರ ಬಂದರೆ ಟೈರು ನೋಡುವಂತೆ ನಟಿಸಿ ಒಳಗೆ ಹೋಗಿಬಿಡುತ್ತಿದ್ದರು. ಆನೆಗೆ ಹೆದರಿದ್ದಾರೆ ಎಂದು ಮಂಗಳಮ್ಮ ನೆರೆಹೊರೆಯವರಿಗೆ ಹೇಳುತ್ತಿದ್ದರು. ಪುಕ್ಕಲುತನದಲ್ಲಿ ಪಳಗಿದವನು ನಾನು. ಅದು ಆನೆಯ ಭಯವಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಆನೆಗೆ ಹೆದರಿದವರು ಆನೆಯ ಮಾತಾಡುತ್ತಾರೆ. ಇವರು ಹೆಂಡತಿಯ ಮುಖವನ್ನೇ ನೆಟ್ಟಗೆ ನೋಡುತ್ತಿರಲಿಲ್ಲ. ಜೊತೆಯಾಗಿ ಹೋಗುವುದು ಎಂಬುದೇ ಇಬ್ಬರ ನಡುವಿನಿಂದ ಎದ್ದು ಹೋಗಿತ್ತು. ಇದು ಹೀಗೇ ಮುಗಿದುಹೋಗುತ್ತದೆ ಎಂದು ನಾನು ನಿಂತಲ್ಲೇ ಹೆದರುತ್ತಿದ್ದೆ.

ಕೊನೆಗೆ ನನಗೆ ವಯಸ್ಸಾಯಿತು. ಇನ್ನು ರಸ್ತೆಗೆ ಇಳಿಯುವಂತಿಲ್ಲ ಎಂದು ಕಾ‌ಗದ ಬಂತು. ಗುಜರಿಯವನು ಬಂದು ನನ್ನ ಬೆನ್ನು ತಟ್ಟಿ ಬೆಲೆ ಹೇಳಿದ. ಮಂಗಳಮ್ಮ ಅವನಿಗೆ ಕಾಫಿ ಕೊಟ್ಟು ಕಳಿಸಿದರು. ನನ್ನನ್ನು ಮನೆಯ ಪಕ್ಕದ ಹೊಂಗೆಮರದ ಕೆಳಗೆ ನಿಲ್ಲಿಸಿ ಚಕ್ರಕ್ಕೆ ಇಟ್ಟಿಗೆ ಕೊಟ್ಟರು.

ಆ ಬೇಸಿಗೆ ಮನೆಯ ತಾರಸಿ ಕಾದು ಕೆಂಡವಾಗಿತ್ತು. ಹೊಂಗೆಯಡಿ ಮಾತ್ರ ತಣ್ಣಗಿತ್ತು. ಒಂದು ಮಧ್ಯಾಹ್ನ ಮಂಗಳಮ್ಮ ಬಂದು ತಮ್ಮ ಹಳೇ ಸೀಟಿನಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಎಡಗಡೆಯ ಬಾಗಿಲು ತೆರೆಯಿತು. ಶಿವನಂಜಪ್ಪ ಎರಡು ಲೋಟ ಮಜ್ಜಿಗೆ ಹಿಡಿದು ಹತ್ತಿದರು. ಹೊರಡದ ಗಾಡಿಯಲ್ಲವೇ, ಅವರಿಗೆ ಧೈರ್ಯ ಬಂದಿರಬೇಕು. ಮುದಿಯಾದ ಪಾಸು ನನ್ನ ಚಕ್ರಗಳ ನಡುವೆ ಮಲಗಿದ್ದ. ಮೂವರೂ ಎದುರಿನ ಖಾಲಿ ರಸ್ತೆಯನ್ನು ನೋಡುತ್ತಿದ್ದರು, ನನ್ನನ್ನೂ ಸೇರಿಸಿದರೆ ನಾಲ್ವರು.

"ಅವತ್ತು ಮೋರಿ ಒಳಗೆ..." ಎಂದು ಶಿವನಂಜಪ್ಪ ಶುರುಮಾಡಿದರು. ಮಂಗಳಮ್ಮ ಲೋಟ ಕೆಳಗಿಟ್ಟರು.

"ಆನೆ ತಲೆ ಮೇಲೇ ನಿಂತಿತ್ತು ಕಣೆ. ಅದಕ್ಕಲ್ಲ ನಾನು ಹೆದರಿದ್ದು. ನೀನು ಬೇಕಂತಲೇ ಬಿಟ್ಟು ಹೋದೆ ಅನ್ಕೊಂಡೆ. ಮನೇಲಿ ನಿನ್ನ ಒಬ್ಬಳನ್ನೇ ಬಿಟ್ಟು ಬಿಟ್ಟು ಹೋಗ್ತಿದ್ನಲ್ಲ ನಾನು, ಅದನ್ನ ತೀರಿಸಿಕೊಂಡ್ಳು ಅಂತ. ಇನ್ನು ಬರಲ್ಲ ಅಂತ." ಮಜ್ಜಿಗೆ ಒಂದು ಗುಟುಕು ಕುಡಿದರು. "ಆಮೇಲೆ, ಬರದೇ ಇರ್ಲಪ್ಪ ಅಂತ ಬೇಡ್ಕೊಂಡೆ. ದಾರೀಲಿ ಅಷ್ಟೊಂದು ಆನೆ ಇದ್ವಲ್ಲ."

ಮಂಗಳಮ್ಮ ಸೆರಗಿನಿಂದ ಸ್ಟಿಯರಿಂಗಿನ ಧೂಳು ಒರೆಸಿದರು. ಹೊಂಗೆಯ ಹೂವು ನನ್ನ ತಲೆಯ ಮೇಲೆ ಉದುರುತ್ತಿತ್ತು.

"ಬಿಟ್ಟು ಹೋಗಬೇಕು ಅಂತ ಎಷ್ಟೋ ಸಲ ಅನ್ಕೊಂಡಿದೀನಿ ರೀ" ಎಂದರು. "ಬಿಟ್ಟು ಹೋಗಿದ್ದು ಮಾತ್ರ ಗೊತ್ತಿಲ್ದೇ."

ಶಿವನಂಜಪ್ಪ ಅವರ ಮುಖ ನೋಡಿದರು. ವರ್ಷಗಳಾದ ಮೇಲೆ ನೆಟ್ಟಗೆ ನೋಡಿದರು. ಮೊದಲು ಯಾರು ನಕ್ಕರು ಎಂದು ನನಗೆ ತಿಳಿಯಲಿಲ್ಲ. ಇಬ್ಬರೂ ಕಣ್ಣು ಒರೆಸಿಕೊಂಡರು. ಆ ಹೊತ್ತಿನಲ್ಲಿ ನನ್ನ ಇಂಜಿನ್ನಿನಲ್ಲಿ ಒಂದು ಹನಿ ಡೀಸೆಲ್ ಇದ್ದಿದ್ದರೂ ನಾನಾಗಿಯೇ ಹೊರಟುಬಿಡುತ್ತಿದ್ದೆ.

ಅಂದಿನಿಂದ ಅವರು ದಿನವೂ ಬರುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಮನೆಯ ಚಿಲಕ ಸದ್ದಾಗುತ್ತದೆ. ನನಗೀಗ ಗೋಡೆಯ ಭಯವಿಲ್ಲ, ಕಮರಿಯ ಭಯವಿಲ್ಲ. ಓಡದ ಗಾಡಿಯನ್ನು ಅವು ಏನು ಮಾಡಿಯಾವು? ಉಳಿದಿರುವುದು ಒಂದೇ ಭಯ. ನನ್ನ ಬಲಗಡೆಯ ಬಾಗಿಲು ತೆರೆಯುತ್ತದೆ, ಸೀಟು ಕುಸಿಯುತ್ತದೆ. ಆಗ ನಾನು ಎಡಗಡೆಯ ಬಾಗಿಲಿಗಾಗಿ ಕಾಯುತ್ತೇನೆ. ಅವರು ಚಪ್ಪಲಿ ಹುಡುಕುತ್ತಿರಬಹುದು, ಮಜ್ಜಿಗೆ ಕಡೆಯುತ್ತಿರಬಹುದು, ಕಾರಣ ನೂರಿರಬಹುದು. ಆದರೂ ಆ ಬಾಗಿಲು ಕಿರ್ ಎನ್ನುವವರೆಗೆ ನನಗೆ ಜೀವದಲ್ಲಿ ಜೀವ ಇರುವುದಿಲ್ಲ.

ಇವತ್ತು ಬಹಳ ತಡವಾಯಿತು. ಆದರೆ ತೆರೆಯಿತು.